ಸಾವುಮನೆಯ ಕಿಂಡಿ

ಹೋದ ವರ್ಷ ಮಾಘಮಾಸದಲ್ಲಿ ನಮ್ಮ ದೊಡ್ಡಪ್ಪನವರು ತೀರಿಕೊಂಡರು. ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಅವರ ಊರು; ಹುಣಿಸೆಯ ತೋಪಿಗೆ ಹೆಸರಾದ ನಲ್ಲೂರು. ಐವತ್ತು ಎಕರೆಗೂ ಮೀರಿ ಹಬ್ಬಿ, ಸುಮಾರು ಮುನ್ನೂರು ಮುದಿಮರಗಳನ್ನು ಹೊತ್ತಿರುವ ಆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸಾರಲಾಯಿತು. ಇಡೀ ದೇಶದಲ್ಲಿ ಆ ಮನ್ನಣೆ ಪಡೆದ ಮೊದಲನೆಯ ತಾಣ ಅದು. ದೊಡ್ಡಪ್ಪನವರನ್ನು ಮಣ್ಣು ಮಾಡಿದ್ದು ಊರ ಹೊರಗಿನ ಅವರ ಸ್ವಂತ ಹೊಲದಲ್ಲಿ, ಮೂಡಣ ಬದುವಿನ ಪಕ್ಕಕ್ಕೆ, ಅವರ ತಂದೆತಾಯಿಗಳ ಗುಡ್ಡೆಗಳ ಸಾಲಿನಲ್ಲಿ.

ಮೂರನೆಯ ದಿನ ಹಾಲುತುಪ್ಪ. ಗುಡ್ಡೆಯ ಮೇಲೆ ನೀರು ಚಿಮುಕಿಸಿ, ತಲೆಯ ದಿಕ್ಕಿಗೆ ನೆಟ್ಟ ಕಲ್ಲಿಗೆ ವಿಭೂತಿ ಬಳಿದು, ಎಲೆಯ ಮೇಲೆ ಮುದ್ದೆ, ಸಾರು, ಅವರು ಇಷ್ಟಪಡುತ್ತಿದ್ದ ಎಲೆಅಡಿಕೆ, ಒಂದು ಕಟ್ಟು ಬೀಡಿ ಎಲ್ಲವನ್ನೂ ಎಡೆ ಇಟ್ಟು ನಾವು ಕಾಗೆಗಾಗಿ ಕಾದು ನಿಂತೆವು. ಆಗ ನಮ್ಮ ಅಣ್ಣನ ಮಗಳು, ಬೆಂಗಳೂರಿನಲ್ಲಿ ಎರಡನೆಯ ತರಗತಿಯಲ್ಲಿ ಓದುವ ಹುಡುಗಿ, ಕೇಳಿದಳು:

"ಅಜ್ಜಿ, ತಾತನ ತಲೆ ಹತ್ರ ಕಲ್ಲು ಯಾಕೆ ಇಟ್ಟಿರೋದು?"

ಪಕ್ಕದಲ್ಲಿದ್ದ ನಮ್ಮ ಸೋದರತ್ತೆ ಒಡನೆಯೇ ಹೇಳಿದರು: "ಎದ್ದು ಬರಬಾರ್ದು ಅಂತ ಕಣಮ್ಮ. ಸುಮ್ಕಿರು."

ಮೂರು ದಿನಗಳಿಂದ ಬಾಯಿ ಬಿಡದಿದ್ದ ದೊಡ್ಡಮ್ಮ ಆಗ ಮೆಲ್ಲಗೆ ಅಂದರು: "ಹಂಗಲ್ಲ ಮಗಾ. ಬರೋವಾಗ ದಾರಿ ತಪ್ಪಬಾರ್ದು ಅಂತ."

ಒಂದೇ ಕಲ್ಲು; ಎರಡು ಉತ್ತರ. ಒಬ್ಬರಿಗೆ ಅದು ಮುಚ್ಚಳ, ಇನ್ನೊಬ್ಬರಿಗೆ ಬಾಗಿಲು. ಇಬ್ಬರೂ ಅದೇ ಊರಿನಲ್ಲಿ ಬೆಳೆದ ಹೆಂಗಸರು. ಇಬ್ಬರೂ ಓದು ಬಲ್ಲವರಲ್ಲ. ಆದರೆ ಪ್ರಾಚೀನ ಸಮಾಧಿಗಳನ್ನು ಅಗೆದು ನೋಡಿದ ವಿದ್ವಾಂಸರು ನೂರೈವತ್ತು ವರ್ಷಗಳಿಂದ ತಮ್ಮ ತಮ್ಮಲ್ಲಿ ಚರ್ಚಿಸುತ್ತ ಬಂದಿರುವ ಪ್ರಶ್ನೆಯೂ ಹೆಚ್ಚು ಕಡಿಮೆ ಇದೇ ಆಗಿದೆ ಎಂಬುದು ನನಗೆ ಬಸ್ಸಿನಲ್ಲಿ ಹಿಂತಿರುಗುವಾಗ ಹೊಳೆಯಿತು.

ನಾನು ಕನ್ನಡ ಪಾಠ ಹೇಳುವವನು. ನಮ್ಮ ಪಾಠ ಹಲ್ಮಿಡಿಯ ಶಾಸನದಿಂದ ಮೊದಲಾಗುತ್ತದೆ. ಕನ್ನಡದ ಅಕ್ಷರ ಹುಟ್ಟುವ ಮುಂಚೆಯೂ ಈ ನೆಲದಲ್ಲಿ ಮನುಷ್ಯರಿದ್ದರು. ಅವರಿಗೂ ತಾಯಿತಂದೆಗಳಿದ್ದರು, ಅವರೂ ಸತ್ತಾಗ ಅಳುವವರಿದ್ದರು. ಬರೆಯಲು ಬಾರದ ಆ ಜನ ತಮ್ಮ ದುಃಖವನ್ನು ಕಲ್ಲಿನಲ್ಲಿ ಇಟ್ಟುಹೋಗಿದ್ದಾರೆ. ಅದನ್ನು ಓದಲು ಸಾಧ್ಯವೇ ಎಂಬುದೇ ಈ ಬರಹದ ವಿಷಯ.

ಬೆಂಗಳೂರಿನ ಬಾಗಿಲಲ್ಲೇ

ದೇವನಹಳ್ಳಿಯಿಂದ ಬೆಂಗಳೂರಿಗೆ ಬರುವ ಬಸ್ಸು ಚಿಕ್ಕಜಾಲವನ್ನು ಹಾದು ಬರುತ್ತದೆ. ವಿಮಾನ ನಿಲ್ದಾಣದ ದಾರಿಯೆಂದು ಮಾತ್ರ ಇಂದು ನಾವು ಅದನ್ನು ಬಲ್ಲೆವು. ಆದರೆ ಕಬ್ಬಿಣದ ಯುಗದ ಜನರ ಸಮಾಧಿಗಳು ಕಂಡುಬಂದ ಸ್ಥಳಗಳಲ್ಲಿ ಚಿಕ್ಕಜಾಲವೂ ಒಂದು. ಇನ್ನೊಂದು ಸ್ಥಳದ ಹೆಸರು ಹೇಳಿದರೆ ವಾಚಕರು ಆಶ್ಚರ್ಯಪಡಬಹುದು: ಕೋರಮಂಗಲ! ಇಂದು ಅಂಗಡಿ ಹೋಟೆಲುಗಳ ದೀಪ ನಡುರಾತ್ರಿಯವರೆಗೂ ಆರದ ಆ ಬಡಾವಣೆಯ ನೆಲ, ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಹಿರಿಯರನ್ನು ಮಲಗಿಸುವ ನೆಲವಾಗಿತ್ತು. ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ 1957ರಲ್ಲಿ ಡಾ. ಎಂ. ಶೇಷಾದ್ರಿಯವರು ಇಂಥ ಸಮಾಧಿಗಳ ಉತ್ಖನನ ನಡೆಸಿದರು. ಅದರ ವರದಿ 1960ರಲ್ಲಿ ಪ್ರಕಟವಾಯಿತು. ಮಾಗಡಿಯ ಸಾವನದುರ್ಗದ ಬುಡದಲ್ಲಿರುವ ಕಲ್ಲಿನ ಸಮಾಧಿಗಳನ್ನು ಅದಕ್ಕೂ ಮುಂಚೆ, ಹತ್ತೊಂಬತ್ತನೆಯ ಶತಮಾನದಲ್ಲಿಯೇ, ಆಂಗ್ಲ ಅಧಿಕಾರಿಗಳು ನೋಡಿ ಬರೆದಿಟ್ಟಿದ್ದರು.

ವಿದ್ವಾಂಸರು ಇವನ್ನು ಬೃಹತ್ ಶಿಲಾ ಸಮಾಧಿಗಳೆನ್ನುತ್ತಾರೆ. ಎಲ್ಲವೂ ಒಂದೇ ಬಗೆಯವಲ್ಲ. ಕೆಲವೆಡೆ ನೆಲದ ಮೇಲೆ ಗುಂಡುಕಲ್ಲುಗಳ ಒಂದು ಬಳೆ ಮಾತ್ರ ಕಾಣುತ್ತದೆ. ಅದರ ನಡುವೆ ಅಗೆದರೆ ಕುಣಿ. ಕೆಲವೆಡೆ ಕಲ್ಲು ಮಣ್ಣು ಪೇರಿಸಿದ ದಿಬ್ಬ. ಕೆಲವೆಡೆ ಬಳೆಯ ನಡುವೆ ನೆಲದೊಳಗೆ ಚಪ್ಪಡಿಗಳಿಂದ ಕಟ್ಟಿದ ಕಲ್ಲಿನ ಪೆಟ್ಟಿಗೆ. ಇನ್ನು ಕೆಲವೆಡೆ ಅದೇ ಪೆಟ್ಟಿಗೆ ನೆಲದ ಮೇಲೆ ಕೋಣೆಯಂತೆ ಎದ್ದು ನಿಂತಿರುತ್ತದೆ. ಬಡವರ ಕಡೆಯಲ್ಲಿ ಬರಿಯ ಮಣ್ಣಿನ ದೊಡ್ಡ ಗುಡಾಣವೇ ಸಾಕಾಗಿರಬಹುದು.

ನಮ್ಮ ಹಳ್ಳಿಗರಿಗೆ ಇವು ಸಮಾಧಿಗಳೆಂದೇ ತೋರಲಿಲ್ಲ. ಅವರ ಕಣ್ಣಿಗೆ ಕಂಡದ್ದು ಮನೆ. ಹಳೆಯ ಮೈಸೂರು ಸೀಮೆಯಲ್ಲಿ ಪಾಂಡವರ ಮನೆ, ಪಾಂಡವರ ಗುಡಿ. ಕೊಡಗಿನಲ್ಲಿ ಪಾಂಡವ ಪಾರೆ. ಕೊಪ್ಪಳ ರಾಯಚೂರುಗಳ ಕಡೆ ಮೋರೇರ ಮನೆ. ಈ ಮೋರಿಯರು ಮೂರು ಗೇಣಿನ ಕುಳ್ಳರಂತೆ. ಆದರೆ ಬಂಡೆಯನ್ನೆತ್ತಿ ಇಡುವಷ್ಟು ಬಲಶಾಲಿಗಳಂತೆ. ಆಕಾಶದಿಂದ ಬೆಂಕಿಯ ಮಳೆ ಸುರಿಯುವುದೆಂದು ತಿಳಿದು, ಅದಕ್ಕೆ ಹೆದರಿ ಕಲ್ಲಿನ ಮನೆ ಕಟ್ಟಿಕೊಂಡು ಒಳಗೆ ಸೇರಿದರಂತೆ, ಆದರೂ ಉಳಿಯಲಿಲ್ಲವಂತೆ. ಈ ಕಥೆಯನ್ನು ಕಟ್ಟಿದವನು ಸೂಕ್ಷ್ಮದೃಷ್ಟಿಯವನು. ಮನೆ ಸಣ್ಣದು, ಬಾಗಿಲು ಇನ್ನೂ ಸಣ್ಣದು, ಒಳಗೆ ಮೂಳೆ; ಈ ಮೂರನ್ನೂ ನೋಡಿ ಅವನು ತನ್ನ ತರ್ಕವನ್ನು ಹೂಡಿದ್ದಾನೆ. ಅವನ ಉತ್ತರ ತಪ್ಪಿರಬಹುದು; ಆದರೆ 'ಮನೆ' ಎಂಬ ಅವನ ಮಾತು ತಪ್ಪಲ್ಲ ಎಂಬುದನ್ನು ಮುಂದೆ ನೋಡೋಣ.

ಬ್ರಹ್ಮಗಿರಿಯ ಪಾಠ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಹೆಸರು ಇತಿಹಾಸ ಓದಿದವರಿಗೆಲ್ಲ ಪರಿಚಿತವಾದುದೇ. ಅಲ್ಲಿಯ ಅಶೋಕನ ಶಾಸನವನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಬೆಟ್ಟದ ಬುಡದಲ್ಲಿ ಮುನ್ನೂರರಷ್ಟು ಕಲ್ಲಿನ ಬಳೆಗಳು ಹರಡಿದ್ದುವು. ಡಾ. ಎಂ. ಎಚ್. ಕೃಷ್ಣ ಅವರು ಮೊದಲು ಅಲ್ಲಿ ಅಗೆದರು. 1947ರಲ್ಲಿ, ದೇಶ ಸ್ವತಂತ್ರವಾದ ವರ್ಷ, ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಅವರು ವ್ಯವಸ್ಥಿತವಾಗಿ ಅಗೆದು, ಹತ್ತು ಸಮಾಧಿಗಳನ್ನು ಬಿಡಿಸಿ ನೋಡಿದರು. ಆರು ಕಲ್ಲಿನ ಪೆಟ್ಟಿಗೆಗಳು, ನಾಲ್ಕು ಬರಿಯ ಕುಣಿಗಳು.

ಕಲ್ಲಿನ ಪೆಟ್ಟಿಗೆಯ ರಚನೆ ಬೆರಗು ಹುಟ್ಟಿಸುವಂಥದು. ನೆಲದಲ್ಲಿ ಕುಣಿ ತೋಡಿ, ತಳಕ್ಕೆ ಒಂದು ಚಪ್ಪಡಿ ಹಾಸಿ, ನಾಲ್ಕು ಕಡೆಗೂ ಕಣಶಿಲೆಯ ಚಪ್ಪಡಿಗಳನ್ನು ನಿಲ್ಲಿಸಿದ್ದಾರೆ. ಗಾರೆಯಿಲ್ಲ, ಮೊಳೆಯಿಲ್ಲ. ಪ್ರತಿಯೊಂದು ಚಪ್ಪಡಿಯ ಒಂದು ಅಂಚು ಪಕ್ಕದ ಚಪ್ಪಡಿಯನ್ನು ದಾಟಿ ಹೊರಚಾಚುವಂತೆ, ಸ್ವಸ್ತಿಕದ ಆಕಾರದಲ್ಲಿ ಜೋಡಿಸಿದ್ದಾರೆ. ಹೊರಗಿನಿಂದ ಮಣ್ಣು ಒತ್ತಿದಷ್ಟೂ ಒಂದು ಕಲ್ಲು ಇನ್ನೊಂದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆಯೇ ಹೊರತು ಒಳಕ್ಕೆ ಕುಸಿಯುವುದಿಲ್ಲ. ಮೇಲೆ ಒಂದು ಭಾರಿ ಚಪ್ಪಡಿಯ ಮುಚ್ಚಳ. ಸುತ್ತ ಒಂದು ಅಥವಾ ಎರಡು ಸುತ್ತು ಕಲ್ಲಿನ ಬಳೆ. ಅಷ್ಟು ಬಂದೋಬಸ್ತು ಮಾಡಿದವರು ಮೂಡಣ ದಿಕ್ಕಿನ ಚಪ್ಪಡಿಯಲ್ಲಿ ಮಾತ್ರ ಒಂದು ದುಂಡನೆಯ ಕಿಂಡಿ ಕೊರೆದಿದ್ದಾರೆ. ಸುಮಾರು ಒಂದೂವರೆ ಅಡಿ, ಎರಡು ಅಡಿ ಅಗಲದ ಕಿಂಡಿ. ಅದರ ಹೊರಗೆ ಮುಚ್ಚಲು ತೆಗೆಯಲು ಬರುವಂತೆ ಬೇರೊಂದು ಚಪ್ಪಡಿ.

ಕಣಶಿಲೆಯಂಥ ಗಡಸು ಕಲ್ಲಿನಲ್ಲಿ ದುಂಡಗೆ ತೂತು ಕೊರೆಯುವುದು ಹುಡುಗಾಟವಲ್ಲ. ಅದನ್ನು ಅಂದಕ್ಕಾಗಿ ಯಾರೂ ಮಾಡಲಾರರು. ಏಕೆಂದರೆ ಅದು ಮಣ್ಣಿನೊಳಗೆ ಹೂತುಹೋಗುವ ಕಲ್ಲು. ಹಾಗಾದರೆ ಅದೇಕೆ?

ಒಳಗೆ ದೊರೆತ ವಸ್ತುಗಳೇ ಇದಕ್ಕೆ ಉತ್ತರ ಹೇಳುತ್ತವೆ. ತಳದಲ್ಲಿ ಮಡಕೆ, ಕುಡಿಕೆ, ಬಟ್ಟಲುಗಳ ಸಾಲು. ಕಬ್ಬಿಣದ ಕತ್ತಿ, ಕುಡುಗೋಲು, ಬಾಣದ ಮೊನೆ. ಅಲ್ಲೊಂದು ಇಲ್ಲೊಂದು ಮಣಿ. ಅವುಗಳೊಂದಿಗೆ ಮೂಳೆಗಳು, ಆದರೆ ಮಲಗಿದ ಮನುಷ್ಯನ ಇಡೀ ಎಲುಬುಗೂಡಲ್ಲ. ತಲೆಬುರುಡೆ, ತೊಡೆಯ ಮೂಳೆ, ತೋಳಿನ ಮೂಳೆ, ಹೀಗೆ ಆಯ್ದು ತಂದು ಇಟ್ಟವು; ಅದೂ ಒಂದೇ ಪೆಟ್ಟಿಗೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರವು. ಎಂದರೆ ಸತ್ತವನನ್ನು ಸತ್ತ ದಿನವೇ ಇಲ್ಲಿಗೆ ತರಲಿಲ್ಲ. ಮೈ ಬೇರೆಲ್ಲೋ ಕಳಚಿಹೋದ ಮೇಲೆ ಉಳಿದ ಮೂಳೆಗಳನ್ನು ಆರಿಸಿ ಇಲ್ಲಿಗೆ ತಂದರು. ಅವುಗಳನ್ನು ಒಳಗಿಡಲು, ಆ ಮೇಲೆ ಇನ್ನೊಬ್ಬರ ಮೂಳೆಗಳು ಬಂದಾಗ ಮತ್ತೆ ತೆರೆಯಲು, ಈ ಕಿಂಡಿ ಬೇಕಾಯಿತು. ಮೇಲಿನ ಮುಚ್ಚಳವನ್ನು ಎತ್ತಲು ಇಡೀ ಊರೇ ಬರಬೇಕು. ಕಿಂಡಿಯ ಚಪ್ಪಡಿಯನ್ನು ಸರಿಸಲು ಮನೆಯವರೇ ಸಾಕು.

ಎರಡು ಸಲ ಕಳುಹಿಸಿಕೊಡುವುದು

ಹಾಗಾದರೆ ಮೊದಲು ಆ ದೇಹವನ್ನು ಎಲ್ಲಿ ಇಡುತ್ತಿದ್ದರು? ವೀಲರ್ ಅವರು ಇದಕ್ಕೂ ಒಂದು ಉತ್ತರವನ್ನು ಊಹಿಸಿದರು. ಬ್ರಹ್ಮಗಿರಿಯ ಬರಿಯ ಕುಣಿಗಳಲ್ಲಿ ಮಡಕೆಗಳಿದ್ದುವು, ಕಬ್ಬಿಣವಿತ್ತು. ಗಮನಿಸುವಂಥ ಮನುಷ್ಯರ ಮೂಳೆಗಳು ಮಾತ್ರ ಇರಲಿಲ್ಲ. ಕುಣಿಯ ತಳದಲ್ಲಿ ನಾಲ್ಕು ಕಲ್ಲುತುಂಡುಗಳನ್ನು ಮಂಚದ ಕಾಲುಗಳಿಗೆ ಆಸರೆ ಕೊಟ್ಟಂತೆ ಇಡಲಾಗಿತ್ತು. ಶವವನ್ನು ಮರದ ಮಂಚದ ಮೇಲೆ ಇಲ್ಲಿ ಮಲಗಿಸಿ, ಮಾಂಸ ಕಳಚುವವರೆಗೂ ಬಿಟ್ಟು, ಆ ಮೇಲೆ ಮೂಳೆಗಳನ್ನು ಕಲ್ಲಿನ ಪೆಟ್ಟಿಗೆಗೆ ಸಾಗಿಸುತ್ತಿದ್ದರೆಂದು ಅವರು ಅಭಿಪ್ರಾಯಪಟ್ಟರು. ಈ ಊಹೆಯನ್ನು ಮುಂದಿನವರೆಲ್ಲ ಒಪ್ಪಿಲ್ಲ. ತಾತ್ಕಾಲಿಕವಾದ ಜಾಗಕ್ಕೆ ಅಷ್ಟೊಂದು ಮಡಕೆ, ಆಯುಧಗಳನ್ನು ಏಕೆ ಇಟ್ಟರೆಂಬುದು ಸರಿಯಾದ ಆಕ್ಷೇಪಣೆಯೇ. ಕುಣಿಯ ಮಾತು ಹೇಗಾದರೂ ಇರಲಿ. ಪೆಟ್ಟಿಗೆಯಲ್ಲಿಟ್ಟ ಮೂಳೆಗಳು ಎರಡನೆಯ ಸಲ ಇಟ್ಟವೆಂಬುದರಲ್ಲಿ ಸಂದೇಹವಿಲ್ಲ.

ಇದನ್ನು ಸರಿಯಾಗಿ ತಿಳಿಯದಿದ್ದರೆ ಎಂಥ ಪ್ರಮಾದವಾಗಬಹುದೆಂಬುದಕ್ಕೆ ಒಂದು ನಿದರ್ಶನ ಕೊಡಬಹುದು. ಠಕ್ಕರ ಜೀವನವನ್ನು ಕುರಿತ ಕಾದಂಬರಿಯಿಂದ ಪ್ರಸಿದ್ಧನಾದ ಮೆಡೋಸ್ ಟೇಲರ್ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತಿದ್ದಾಗ, ಹತ್ತೊಂಬತ್ತನೆಯ ಶತಮಾನದ ನಡುವೆ, ರಾಜನಕೋಳೂರು, ಜೇವರ್ಗಿಗಳ ಸಮಾಧಿಗಳನ್ನು ಅಗೆಸಿ ನೋಡಿದ. ತನ್ನ ಕಡೆಯ ದೇಶಗಳಲ್ಲಿ ಕಂಡಿದ್ದ ಕಲ್ಲಿನ ಸಮಾಧಿಗಳೇ ದಖನಿನಲ್ಲಿಯೂ ಇರುವುದನ್ನು ಕಂಡು ಆತ ಚಕಿತನಾದ. ಆದರೆ ಕೆಲವು ಕುಣಿಗಳಲ್ಲಿ ತಲೆಬುರುಡೆಗಳು ಮೈಯಿಂದ ಬೇರೆಯಾಗಿದ್ದುದನ್ನು ಕಂಡು ನರಬಲಿಯ ಸಂಶಯಪಟ್ಟ. ಅಂದಿನ ತಿಳಿವಳಿಕೆಗೆ ಅದು ಸಹಜವೇ. ಮೂಳೆಗಳನ್ನು ಆರಿಸಿ ತಂದು ಬೇರೆ ಬೇರೆಯಾಗಿ ಇಡುವ ಪದ್ಧತಿ ಈ ಜನರಲ್ಲಿ ಇತ್ತೆಂಬುದನ್ನು ಬಲ್ಲ ನಾವು ಇಂದು ಅಷ್ಟು ಬೇಗ ಆ ಮಾತನ್ನು ಆಡಲಾರೆವು. ಕೊಲೆಗಾರರ ಕೈಯೆಂದು ಕಂಡದ್ದು ಮಕ್ಕಳ ಕೈಯಾಗಿದ್ದಿರಬಹುದು. ತಾಯಿಯ ತಲೆಬುರುಡೆಯನ್ನು ಎರಡು ಕೈಯಲ್ಲಿ ಹಿಡಿದು ತಂದು ಮಡಕೆಗಳ ನಡುವೆ ಜೋಕೆಯಾಗಿ ಇಟ್ಟ ಕೈ.

ಈ ಪದ್ಧತಿ ನಮಗೆ ವಿಚಿತ್ರವೆನಿಸಿದರೆ ನಮ್ಮ ಮನೆಯ ಆಚಾರವನ್ನೇ ಒಮ್ಮೆ ನೆನೆಯಬೇಕು. ದಹನ ಮಾಡುವವರು ಮರುದಿನವೋ ಮೂರನೆಯ ದಿನವೋ ಹೋಗಿ ಬೂದಿಯಲ್ಲಿ ಅಸ್ಥಿಯನ್ನು ಆರಿಸುವುದಿಲ್ಲವೇ? ಕುಡಿಕೆಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಶ್ರೀರಂಗಪಟ್ಟಣಕ್ಕೋ ಕಾಶಿಗೋ ಒಯ್ಯುವುದಿಲ್ಲವೇ? ಗೃಹ್ಯಸೂತ್ರಗಳ ಕಾಲದಲ್ಲಿ ಆ ಕುಡಿಕೆಯನ್ನು ಕುಣಿಯಲ್ಲಿ ಇಡುವ ವಿಧಿಯೂ ಇತ್ತು. ಸಮಾಧಿಯ ದಿಬ್ಬ ಚೌಕವಾಗಿರಬೇಕೋ ದುಂಡಾಗಿರಬೇಕೋ ಎಂಬ ವಿಚಾರ ಶತಪಥ ಬ್ರಾಹ್ಮಣದಲ್ಲಿಯೇ ಬಂದಿದೆ. ತಮ್ಮವರದು ಚೌಕ, ಅಸುರಸ್ವಭಾವದವರದೂ ಪೂರ್ವದೇಶದವರದೂ ದುಂಡು ಎಂದು ಅದು ಹೇಳುತ್ತದೆ. ಕಿಚ್ಚಾಗಲಿ, ಮಣ್ಣಾಗಲಿ, ಗಾಳಿಯಾಗಲಿ, ಮೊದಲ ಕೆಲಸವನ್ನು ಪ್ರಕೃತಿ ಮಾಡುತ್ತದೆ. ಎರಡನೆಯದು ಮನೆಯವರ ಕೆಲಸ. ಒಂದೇ ದಿನದಲ್ಲಿ ಒಬ್ಬರನ್ನು ಬಿಟ್ಟುಕೊಡಲು ಮನುಷ್ಯನಿಗೆ ಆಗುವುದಿಲ್ಲ. ಮೊದಲು ಹೆಣವನ್ನು ಬಿಟ್ಟುಕೊಡುತ್ತಾನೆ. ಸ್ವಲ್ಪ ಕಾಲ ಕಳೆದ ಮೇಲೆ ಹಿರಿಯರನ್ನು ಬರಮಾಡಿಕೊಳ್ಳುತ್ತಾನೆ.

ಹೊಸ್ತಿಲ ಒಳಗಿನಿಂದ ಊರಾಚೆಗೆ

ಈ ಕಲ್ಲಿನ ಸಮಾಧಿಗಳ ಜನಕ್ಕಿಂತ ಮುಂಚೆ, ನವಶಿಲಾಯುಗದಲ್ಲಿ, ಇದೇ ನಾಡಿನಲ್ಲಿ ದನಕರುಗಳನ್ನು ಕಟ್ಟಿಕೊಂಡು, ಹುರುಳಿಯಂಥ ಒಣಬೇಸಾಯದ ಕಾಳುಗಳನ್ನು ತಿಂದು ಬಾಳಿದವರು ತಮ್ಮ ಸತ್ತವರನ್ನು ಹೀಗೆ ದೂರ ಒಯ್ಯುತ್ತಿರಲಿಲ್ಲ. ಬ್ರಹ್ಮಗಿರಿ, ತೆಕ್ಕಲಕೋಟೆ, ಹಳ್ಳೂರು, ತಿರುಮಕೂಡಲು ನರಸೀಪುರ, ಈ ಸ್ಥಳಗಳ ಉತ್ಖನನಗಳಿಂದ ತಿಳಿದುಬರುವುದೇನೆಂದರೆ, ಅವರು ಸತ್ತವರನ್ನು ವಾಸದ ನೆಲೆಯಲ್ಲಿಯೇ, ಮನೆಗಳ ನಡುವೆಯೇ ಹೂಳುತ್ತಿದ್ದರು. ದೊಡ್ಡವರನ್ನು ನೆಟ್ಟಗೆ ಮಲಗಿಸಿ, ಹಸುಗೂಸುಗಳನ್ನು ಮಡಕೆಯಲ್ಲಿಟ್ಟು. ಕೆಲವೆಡೆ ಎರಡು ಮೂರು ಮಡಕೆಗಳನ್ನು ಬಾಯಿಗೆ ಬಾಯಿ ಕೂಡಿಸಿ ಅದರೊಳಗೆ ಕೂಸನ್ನು ಇಟ್ಟಿದ್ದಾರೆ. ಮಡಕೆ ಬಸಿರಿನ ಹಾಗೆ ದುಂಡಗಿರುತ್ತದೆ ಎಂಬುದು ಅವರಿಗೆ ಹೊಳೆಯದೆ ಇದ್ದೀತೆ? ದಿನವೂ ಓಡಾಡುವ ನೆಲದ ಕೆಳಗೆ ತನ್ನ ಕೂಸು ಇದೆಯೆಂದು ತಿಳಿದೇ ಆ ತಾಯಿ ಕಾಳು ಅರೆಯುತ್ತಿದ್ದಳು.

ಕಬ್ಬಿಣ ಬಂದ ಮೇಲೆ ಇದು ಬದಲಾಯಿತು. ಸತ್ತವರಿಗೆ ಬೇರೆಯೇ ಊರು ಹುಟ್ಟಿತು. ಈ ಬದಲಾವಣೆಯ ಕಾಲವನ್ನು ವೀಲರ್ ಅವರು ಕ್ರಿಸ್ತಪೂರ್ವ 200ರ ಸುಮಾರು ಎಂದು ಎಣಿಸಿದ್ದರು. ಆದರೆ 1965ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅಗೆದಾಗ, ಅಲ್ಲಿಯ ಕಬ್ಬಿಣದ ಕಾಲ ಕ್ರಿಸ್ತಪೂರ್ವ 1000ದ ಆಸುಪಾಸಿಗೆ ಹೋಗುವುದೆಂದು ಇಂಗಾಲದ ಪರೀಕ್ಷೆಯಿಂದ ಕಂಡುಬಂದಿತು. ಒಂದೇ ಏಟಿಗೆ ನಮ್ಮ ನಾಡಿನ ಕಬ್ಬಿಣದ ಇತಿಹಾಸ ಎಂಟುನೂರು ವರ್ಷ ಹಿಂದಕ್ಕೆ ಸರಿಯಿತು. ಅಲ್ಲಿಂದ ಕ್ರಿಸ್ತಶಕದ ಮೊದಲ ಶತಮಾನಗಳವರೆಗೂ ಈ ಸಮಾಧಿಗಳನ್ನು ಕಟ್ಟುವ ವಾಡಿಕೆ ನಡೆದುಬಂದಿತು.

ಸಾವಿರ ವರ್ಷದ ವಾಡಿಕೆಗೆ ಬ್ರಹ್ಮಗಿರಿಯಲ್ಲಿ ಇರುವುದು ಮುನ್ನೂರರಷ್ಟು ಸಮಾಧಿಗಳು. ಎಂದಮೇಲೆ ಸತ್ತವರಿಗೆಲ್ಲ ಈ ಭಾಗ್ಯವಿರಲಿಲ್ಲವೆಂಬುದು ಸ್ಪಷ್ಟ. ಬಂಡೆಯ ಮೇಲೆ ಬೆಂಕಿ ಹಾಕಿ, ಕಾದ ಕಲ್ಲಿನ ಮೇಲೆ ನೀರು ಸುರಿದು ಪದರ ಬಿಡಿಸುವುದು, ಟನ್ನುಗಟ್ಟಲೆ ತೂಗುವ ಚಪ್ಪಡಿಯನ್ನು ಉರುಳುಮರಗಳ ಮೇಲೆ ಎಳೆದು ತರುವುದು, ಅದನ್ನು ನಿಲ್ಲಿಸುವುದು, ಇದಕ್ಕೆಲ್ಲ ಎಷ್ಟು ಕೈ ಬೇಕು, ಅಷ್ಟು ಕೈಗಳಿಗೆ ಎಷ್ಟು ದಿನದ ಊಟ ಬೇಕು! ಸಾವಿನಲ್ಲಿಯೂ ಸಿರಿವಂತಿಕೆ ಅಂದಿನಿಂದಲೇ ಬಂದಿತು. ಆದರೆ ಸಿರಿವಂತನ ಜೊತೆಗೆ ಇಟ್ಟ ಮಡಕೆಗಳು ಮಾತ್ರ ಎಲ್ಲರ ಮನೆಯವೇ. ಒಳಗೆ ಕಪ್ಪು, ಹೊರಗೆ ಕೆಂಪು ಬಣ್ಣದ ಈ ಮಡಕೆಗಳು ದಕ್ಷಿಣದಾದ್ಯಂತ ಈ ಜನರ ಗುರುತಾಗಿವೆ. ಆವಿಗೆಯಲ್ಲಿ ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಒಳಗೆ ಗಾಳಿಯಾಡದೆ ಕಪ್ಪಾಗುತ್ತದೆ, ಹೊರಗೆ ಗಾಳಿ ತಗುಲಿ ಕೆಂಪಾಗುತ್ತದೆ. ಕೆಲವು ಮಡಕೆಗಳ ಹೆಗಲ ಮೇಲೆ ಗೀರಿದ ಗುರುತುಗಳುಂಟು. ಅಕ್ಷರವಲ್ಲ, ಅಕ್ಷರಕ್ಕೆ ಒಂದು ಮೆಟ್ಟಿಲು ಹಿಂದಿನದು. 'ಇದು ನಮ್ಮದು' ಎಂದು ಹೇಳುವ ಗುರುತು ಎಂದುಕೊಂಡರೆ ತಪ್ಪಾಗಲಾರದು.

ಹಿರೇಬೆಣಕಲ್ಲಿನ ಬೆಟ್ಟದ ಮೇಲೆ

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಗಂಗಾವತಿಯ ಹತ್ತಿರದ ಹಿರೇಬೆಣಕಲ್ಲಿಗೆ ಹೋಗಿದ್ದೆ. ಊರಿನಿಂದ ಬೆಟ್ಟ ಹತ್ತಬೇಕು; ದಾರಿಯುದ್ದಕ್ಕೂ ಬಂಡೆ, ಮುಳ್ಳು, ಬಿಸಿಲು. ಮೇಲೆ ತಲುಪಿದಾಗ ಎದುರಿಗೆ ಕಾಣುವುದು ನಿಜಕ್ಕೂ ಒಂದು ಊರು. ಸುಮಾರು ನಾನೂರು ಕಟ್ಟಡಗಳು. ಕೆಲವು ಮೊಣಕಾಲೆತ್ತರ, ಕೆಲವು ಆಳೆತ್ತರಕ್ಕೂ ಮಿಗಿಲು. ಬೀದಿಯಂತೆ ಸಾಲು. ಮೂರು ಗೋಡೆ, ಮೇಲೊಂದು ಚಪ್ಪಡಿ, ಮುಂದಿನ ಗೋಡೆಯಲ್ಲಿ ದುಂಡು ಕಿಂಡಿ. ಕಲ್ಲು ತೆಗೆದ ಗುಂಡಿಯಲ್ಲಿ ನೀರು ನಿಂತು ಕೆರೆಯಾಗಿದೆ. ಒಂದು ಎತ್ತರದ ಗುಂಡಿನ ಮೇಲೆ ನಗಾರಿಯ ಆಕಾರದ ಕಲ್ಲು. ಬಡಿದರೆ ದೂರದವರೆಗೆ ದನಿ ಕೇಳುತ್ತದೆ. ಈ ಸ್ಥಳವನ್ನು 2021ರಲ್ಲಿ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಿದ್ದಾರೆ.

ನಮ್ಮೊಡನಿದ್ದ ಒಬ್ಬ ಹುಡುಗಿ ಕಿಂಡಿಯೊಳಗೆ ಇಣುಕಿ, "ಸಾರ್, ಒಳಗೆ ತಂಪಾಗಿದೆ" ಎಂದಳು. ನಾನೂ ಇಣುಕಿದೆ. ಒಳಗಿನ ವಸ್ತುಗಳು ಎಂದೋ ನಿಧಿಗಳ್ಳರ ಪಾಲಾಗಿವೆ. ಉಳಿದಿರುವುದು ತಂಪು, ಕತ್ತಲೆ, ಕಿಂಡಿಯಿಂದ ಬೀಳುವ ಒಂದು ದುಂಡನೆಯ ಬೆಳಕು ಮಾತ್ರ. ದೂರದ ಕಾಕಸಸ್ ಬೆಟ್ಟಗಳಲ್ಲಿಯೂ ಇಂಥವೇ ದುಂಡು ಕಿಂಡಿಯ ಕಲ್ಮನೆಗಳಿವೆ. ಅವರಿಂದ ಇವರು ಕಲಿತರೋ ಇವರಿಂದ ಅವರೋ ಎಂದು ಹಿಂದಿನವರು ಬಹಳ ವಾದಿಸಿದರು. ಸತ್ತವರಿಗೆ ಮನೆ ಕಟ್ಟಿದವನು, ಆ ಮನೆಗೆ ಒಂದು ಬಾಗಿಲಿರಲಿ ಎಂದುಕೊಳ್ಳುವುದನ್ನು ಯಾರಿಂದಲಾದರೂ ಕಲಿಯಬೇಕೆ ಎಂದು ಆ ದಿನ ನನಗೆ ಅನ್ನಿಸಿತು.

'ಮನೆ' ಎಂಬ ಹಳ್ಳಿಗರ ಮಾತು ತಪ್ಪಲ್ಲವೆಂದೆನಷ್ಟೆ. ನೀಲಗಿರಿಯ ಮೊದಲ ಕಮಿಷನರಾಗಿದ್ದ ಬ್ರೀಕ್ಸ್ ಎಂಬಾತನ ಪುಸ್ತಕ 1873ರಲ್ಲಿ, ಆತ ತೀರಿಕೊಂಡ ಮೇಲೆ, ಅಚ್ಚಾಯಿತು. ಅಲ್ಲಿಯ ಕುರುಂಬರು, ಕನ್ನಡಕ್ಕೆ ತೀರ ಹತ್ತಿರವಾದ ನುಡಿಯನ್ನಾಡುವವರು, ತಮ್ಮಲ್ಲಿ ಒಬ್ಬರು ಸತ್ತರೆ ಹೊಳೆಯಲ್ಲಿ ನಯವಾದ ಒಂದು ದುಂಡು ಕಲ್ಲನ್ನು ತಂದು ಹಳೆಯ ಕಲ್ಮನೆಯೊಳಗೆ ಇಡುತ್ತಿದ್ದರೆಂದು ಅದರಲ್ಲಿದೆ. ಆ ಕಲ್ಮನೆಗೆ ಅವರ ಹೆಸರು 'ಸಾವುಮನೆ'. ಯಾವ ನಿಘಂಟುಕಾರನೂ ಇದಕ್ಕಿಂತ ಒಳ್ಳೆಯ ಶಬ್ದವನ್ನು ಕೊಡಲಾರ. ಸಾವುಮನೆ, ಸಮಾಧಿಯಲ್ಲ, ಮುಗಿದವರ ಗುಂಡಿಯಲ್ಲ, ಹೋದವರ ಬಿಡಾರ.

ನೆರೆಯ ತಮಿಳಿನ ಹಳೆಯ ಕಾವ್ಯಗಳು ಈ ವಾಡಿಕೆಯ ಕೊನೆಯ ಕಾಲವನ್ನು ಕಣ್ಣಾರೆ ಕಂಡಿದ್ದುವು. 'ಮಣಿಮೇಖಲೈ' ಕಾವ್ಯದಲ್ಲಿ ಶವಸಂಸ್ಕಾರದ ಐದು ವಿಧಗಳ ಪಟ್ಟಿಯಿದೆ: ಸುಡುವುದು, ಬಯಲಿಗೆ ಹಾಕುವುದು, ತೋಡಿದ ಕುಣಿಯಲ್ಲಿ ಇಡುವುದು, ತಗ್ಗಿನ ಕೋಣೆಯಲ್ಲಿ ಸೇರಿಸುವುದು, ಗುಡಾಣದಿಂದ ಮುಚ್ಚುವುದು. ಐದೂ ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ. 'ಪುರನಾನೂರು' ಸಂಕಲನದ ಒಂದು ಹಾಡಿನಲ್ಲಿ ಗಂಡನನ್ನು ಕಳೆದುಕೊಂಡವಳು ಕುಂಬಾರನನ್ನು ಬೇಡಿಕೊಳ್ಳುತ್ತಾಳೆ. ಅವನಿಗಾಗಿ ಮಾಡುವ ಗುಡಾಣವನ್ನು ತನಗೂ ಇಂಬಿರುವಂತೆ ಅಗಲವಾಗಿ ಮಾಡೆಂದು. ಪೆಟ್ಟಿಗೆಯೊಂದರಲ್ಲಿ ಇಬ್ಬರ ಮೂವರ ಮೂಳೆಗಳು ಏಕಿವೆಯೆಂದು ಲೆಕ್ಕ ಹಾಕುವಾಗ ಈ ಹೆಣ್ಣನ್ನು ನಾವು ಮರೆಯಬಾರದು.

ಮುಂದೆ ಕಾಲ ಬದಲಾಯಿತು. ಸುಡುವ ಪದ್ಧತಿ ಹಬ್ಬಿತು. ಊರ ನಡುವೆ ದೇವರ ಗುಡಿಗಳು ಎದ್ದುವು. ಆದರೂ ಸತ್ತವರಿಗೆ ಕಲ್ಲು ನಿಲ್ಲಿಸುವ ಕೈ ಸುಮ್ಮನಾಗಲಿಲ್ಲ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಕ್ರಿಸ್ತಶಕ 750ರ ಸುಮಾರಿನದು. ಅದರಲ್ಲಿ ಹೆಸರಿದೆ, ಊರಿದೆ, ಕಾಳಗವಿದೆ. ಕಲ್ಲು ಮಾತನಾಡಲು ಕಲಿಯಿತು. ನಾವು ಕನ್ನಡದ ಅಧ್ಯಾಪಕರು ಆ ಮಾತಿನಿಂದ ಪಾಠ ಆರಂಭಿಸುತ್ತೇವೆ. ಆದರೆ ಅದಕ್ಕೆ ಹಿಂದೆ ಸಾವಿರದೈನೂರು ವರ್ಷ ಆ ಕಲ್ಲು ಮೂಕವಾಗಿ ನಿಂತೇ ಇತ್ತು.

ಎರಡು ಗುಂಟೆಯ ಮಾತು

ಈ ಮಾಘದಲ್ಲಿ ದೊಡ್ಡಪ್ಪನವರ ವರ್ಷದ ತಿಥಿಗೆಂದು ಮತ್ತೆ ನಲ್ಲೂರಿಗೆ ಹೋಗಿದ್ದೆ. 2008ರಲ್ಲಿ ವಿಮಾನ ನಿಲ್ದಾಣ ತೆರೆದಂದಿನಿಂದ ದೇವನಹಳ್ಳಿಯ ಸುತ್ತಿನ ನೆಲಕ್ಕೆ ಬಂದ ಬೆಲೆಯನ್ನು ಓದುಗರೇ ಬಲ್ಲರು. ನಮ್ಮ ಅಣ್ಣಂದಿರೂ ಹೊಲ ಮಾರಲು ಮಾತಾಡಿದ್ದರು. ಅವರನ್ನು ಆಡಿಕೊಳ್ಳುವ ಹಕ್ಕು, ಊರು ಬಿಟ್ಟು ಸಂಬಳಕ್ಕೆ ಹೋದ ನನಗಿಲ್ಲ. ಮಳೆಯನ್ನು ನಂಬಿ ರಾಗಿ ಬೆಳೆದವರ ಕಷ್ಟ ಅವರಿಗೇ ಗೊತ್ತು. ಹೊಲದಲ್ಲಿ ಆಗಲೇ ಅಳತೆ ಮಾಡಿ ಸುಣ್ಣ ಬಳಿದ ಕಲ್ಲುಗಳನ್ನು ನೆಟ್ಟಿದ್ದರು. ಬದುವಿನ ಬಳಿಗೆ ಹೋದಾಗ ಯಾವುದು ಅಳತೆಯ ಕಲ್ಲು, ಯಾವುದು ದೊಡ್ಡಪ್ಪನ ಕಲ್ಲು ಎಂದು ನನಗೆ ಒಂದು ಗಳಿಗೆ ತಿಳಿಯಲಿಲ್ಲ. ನಾಚಿಕೆಯಾಯಿತು.

ದೊಡ್ಡಮ್ಮ ಒಂದೇ ಮಾತು ಹೇಳಿದ್ದರಂತೆ: "ಎಲ್ಲ ಮಾರ್ಕೊಳ್ಳಿ. ಆ ಎರಡು ಗುಂಟೆ ಬಿಟ್ಟು ಬರೀರಿ." ಕೊಳ್ಳುವವರು ಇನ್ನೂ ಒಪ್ಪಿರಲಿಲ್ಲ. ನಿವೇಶನದ ನಡುವೆ ಸಮಾಧಿಯಿದ್ದರೆ ಯಾರು ಕೊಳ್ಳುತ್ತಾರೆ ಎಂಬುದು ಅವರ ವಾದ. ಮೂಳೆಗಳನ್ನು ಎತ್ತಿ ಬೇರೆ ಕಡೆ ಇಡಬಹುದಲ್ಲ ಎಂದು ಮಧ್ಯಸ್ಥರೊಬ್ಬರು ಸಲಹೆ ಕೊಟ್ಟರು. ಸೋದರತ್ತೆ ಬೆಚ್ಚಿಬಿದ್ದರು. ದೊಡ್ಡಮ್ಮ ಮಾತ್ರ ಬೆಚ್ಚಲಿಲ್ಲ. "ಎತ್ತೋದಾದ್ರೆ ನಮ್ಮ ಕೈಯಲ್ಲೇ ಎತ್ತಬೇಕು, ಜೆಸಿಬಿ ಬಿಡಬೇಡಿ" ಎಂದರು. ಬ್ರಹ್ಮಗಿರಿಯ ಜನ ಈ ಮಾತನ್ನು ಕೇಳಿದ್ದರೆ ಆಕೆ ತಮ್ಮವಳೇ ಎಂದುಕೊಳ್ಳುತ್ತಿದ್ದರು.

ಕೋರಮಂಗಲದಲ್ಲಿ ಹಿರಿಯರ ನೆಲದ ಗುರುತು ಇಂದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಲ್ಲು ಕ್ವಾರಿಗೆ, ಜಲ್ಲಿಗೆ, ತಳಪಾಯಕ್ಕೆ, ನಿಧಿಯಾಸೆಗೆ ಬಲಿಯಾಗುತ್ತಿರುವ ಕಲ್ಲಿನ ಬಳೆಗಳು ನಮ್ಮ ನಾಡಿನಲ್ಲಿ ಎಷ್ಟೋ. ವಾಚಕರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಊರ ಹೊಲದಲ್ಲಿ, ಗೋಮಾಳದಲ್ಲಿ, ಕೆರೆಯ ಏರಿಯ ಹಿಂದೆ ದುಂಡಗೆ ಜೋಡಿಸಿದ ಗುಂಡುಕಲ್ಲುಗಳು ಕಂಡರೆ ಅವನ್ನು ಕೀಳಬೇಡಿ, ಕೀಳಲು ಬಿಡಬೇಡಿ. ಪುರಾತತ್ವ ಇಲಾಖೆಗೆ ಒಂದು ಕಾಗದ ಬರೆಯಿರಿ. ಮಡಕೆಯ ಚೂರಾಗಲಿ ಕಬ್ಬಿಣದ ತುಂಡಾಗಲಿ ತನ್ನ ಜಾಗದಲ್ಲಿ ಇದ್ದಾಗ ಮಾತ್ರ ಮಾತನಾಡುತ್ತದೆ. ಎತ್ತಿ ಮನೆಯ ಅಲಮಾರಿನಲ್ಲಿ ಇಟ್ಟುಕೊಂಡರೆ ಅದು ಬರಿಯ ಚೂರು.

ಇನ್ನು, ನಮ್ಮ ಅಣ್ಣನ ಮಗಳ ಪ್ರಶ್ನೆಗೆ ಯಾರ ಉತ್ತರ ಸರಿ? ಅಷ್ಟು ಭಾರಿಯಾದ ಮುಚ್ಚಳವನ್ನು ಹೇರಿದವರೂ, ಮೂಡಣಕ್ಕೆ ಕಿಂಡಿಯನ್ನು ಕೊರೆದವರೂ ಒಂದೇ ಜನ. ಹೆದರಿಕೆಯೂ ಅವರದೇ, ಹಂಬಲವೂ ಅವರದೇ. ನಮ್ಮ ಸೋದರತ್ತೆಯ ಮಾತು ಮುಚ್ಚಳದ ಕಲ್ಲಿನಲ್ಲಿದೆ. ದೊಡ್ಡಮ್ಮನ ಮಾತು ಕಿಂಡಿಯಲ್ಲಿದೆ. ಹುಡುಗಿಗೆ ಇದನ್ನು ಹೇಳಬೇಕೆಂದುಕೊಂಡೆ. ಅವಳು ಅಷ್ಟು ಹೊತ್ತಿಗೆ ಬದುವಿನ ಮೇಲೆ ಕುಳಿತು, ತೊಟ್ಟಿಲಂಥ ಒಂದು ಗುಂಡಿ ತೋಡಿ, ಸುತ್ತ ಬೆಣಚುಕಲ್ಲುಗಳನ್ನು ಬಳೆಯಂತೆ ಜೋಡಿಸುತ್ತಿದ್ದಳು. ಅದೇನೆಂದು ಕೇಳಿದೆ. "ತಾತಂಗೆ ಮನೆ" ಎಂದಳು.